ಮುಕ್ಕಾಲು ಎಂಟು

ಎಸ್ಲಿಂಗನ್‌ಗೆ ಬಂದ ಮೂರನೆಯ ವಾರ ಬಚ್ಚಲಿನಲ್ಲಿ ಬಿಸಿನೀರು ನಿಂತುಹೋಯಿತು. ಮನೆ ಮಾಲೀಕರಿಗೆ ಫೋನ್ ಮಾಡಿದೆ. ಮಂಗಳವಾರ ಬೆಳಗ್ಗೆ ‘ಡ್ರೈಫಿಯರ್ಟೆಲ್ ಆಖ್ಟ್’ಗೆ ರಿಪೇರಿಯವರು ಬರುತ್ತಾರೆ ಅಂದರು. ಬೆಂಗಳೂರಿನಲ್ಲಿ ಆರು ತಿಂಗಳು ಜರ್ಮನ್ ಕ್ಲಾಸಿಗೆ ಹೋಗಿದ್ದೆನಲ್ಲ, ಧೈರ್ಯವಾಗಿ ಪದ ಬಿಡಿಸಿಕೊಂಡೆ. ಡ್ರೈಫಿಯರ್ಟೆಲ್ ಎಂದರೆ ನಾಲ್ಕರಲ್ಲಿ ಮೂರು ಪಾಲು, ಮುಕ್ಕಾಲು. ಆಖ್ಟ್ ಎಂದರೆ ಎಂಟು. ಹಾಗಾದರೆ ಎಂಟೂಮುಕ್ಕಾಲು. ಮಂಗಳವಾರ ಏಳು ನಲವತ್ತೈದಕ್ಕೆ ಕರೆಗಂಟೆ ಎರಡು ಸಲ ಬಡಿದುಕೊಂಡಿತು. ನಾವಿನ್ನೂ ಹಾಸಿಗೆಯಲ್ಲಿದ್ದೆವು. ನಾನು ಬಾಗಿಲಿಗೆ ಬರುವ ಹೊತ್ತಿಗೆ ಬಂದವರು ಹೋಗಿಯಾಗಿತ್ತು. ಅಂಚೆ ಪೆಟ್ಟಿಗೆಯಲ್ಲಿ ಒಂದು ಚೀಟಿ ಇತ್ತು. ಅವರು ಮತ್ತೆ ಸಿಕ್ಕಿದ್ದು ಒಂಬತ್ತು ದಿನಗಳ ನಂತರ. ನವೆಂಬರ್ ತಿಂಗಳ ಚಳಿ. ಅಷ್ಟೂ ದಿನ ಒಲೆಯ ಮೇಲೆ ಪಾತ್ರೆಯಲ್ಲಿ ನೀರು ಕಾಯಿಸಿ ಮಗನಿಗೆ ಸ್ನಾನ ಮಾಡಿಸಿದೆ.

ಕೆಳಮನೆಯ ಅಜ್ಜಿಗೆ ಇದನ್ನು ಹೇಳಿಕೊಂಡಾಗ ಅವರು ಒಂದು ಕಾಗದದ ಮೇಲೆ ಗಡಿಯಾರ ಬರೆದು ತೋರಿಸಿದರು. ಈ ಸೀಮೆಯಲ್ಲಿ ಏಳು ಗಂಟೆ ಹೊಡೆದ ಮೇಲೆ ಎಂಟನೆಯ ಗಂಟೆ ತುಂಬಲು ಶುರುವಾಗುತ್ತದೆ. ಏಳೂಕಾಲಾದರೆ ಎಂಟರಲ್ಲಿ ಕಾಲುಭಾಗ ತುಂಬಿತು, ಅದು ‘ಕಾಲು ಎಂಟು’. ಏಳೂವರೆ ‘ಅರ್ಧ ಎಂಟು’. ಏಳೂಮುಕ್ಕಾಲು ‘ಮುಕ್ಕಾಲು ಎಂಟು’. ಏಳೂವರೆಗೆ ಅರ್ಧ ಎಂಟು ಎನ್ನುವುದು ಇಡೀ ಜರ್ಮನಿಯ ರೂಢಿ. ಆದರೆ ಕಾಲು, ಮುಕ್ಕಾಲುಗಳನ್ನು ಹೀಗೆ ಎಣಿಸುವುದು ಎಲ್ಲ ಕಡೆ ಇಲ್ಲ. ನಮ್ಮ ಕಚೇರಿಯಲ್ಲಿ ಹ್ಯಾಂಬರ್ಗ್‌ನಿಂದ ಬಂದ ಒಬ್ಬರಿದ್ದಾರೆ. ಅಪ್ಪಟ ಜರ್ಮನ್. ಅವರೂ ಮೊದಲ ವರ್ಷ ಒಂದು ಮೀಟಿಂಗಿಗೆ ಒಂದು ಗಂಟೆ ತಡವಾಗಿ ಬಂದಿದ್ದರಂತೆ.

ಇಂಗ್ಲಿಷಿನಲ್ಲಿ ಯೋಚಿಸುವವರಿಗೆ ಈ ಮಾತು ಅರ್ಥವೇ ಆಗುವುದಿಲ್ಲ, ಅವರು ಮತ್ತೊಮ್ಮೆ ಕೇಳುತ್ತಾರೆ. ನಾನು ಕೇಳಲಿಲ್ಲ, ಏಕೆಂದರೆ ನನಗೆ ಅರ್ಥವಾಗಿತ್ತು. ಮುಕ್ಕಾಲು ಎಂಬ ಒಂದೇ ಪದ ನಮ್ಮಲ್ಲೂ ಇದೆ, ಅವರಲ್ಲೂ ಇದೆ. ನಾನು ಮಾಡಿದ್ದು ಕನ್ನಡದವರೇ ಮಾಡಬಹುದಾದ ತಪ್ಪು.

ಆ ಭಾನುವಾರ ಅಪ್ಪ ಫೋನ್ ಮಾಡಿದರು. ತಿಪಟೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ತೋಟ, ಹೊಲ ನೋಡಿಕೊಂಡಿದ್ದವರು. ಜರ್ಮನಿ ಹೇಗಿದೆ ಎಂದು ಅವರು ನನ್ನನ್ನು ಒಮ್ಮೆಯೂ ಕೇಳಿದ್ದಿಲ್ಲ. ಕೇಳುತ್ತಿದ್ದದ್ದು ಒಂದೇ: “ಈ ವಾರ ಏನಮ್ಮ ಹೊಸದು ನೋಡಿದೆ?” ಬಿಸಿನೀರಿನ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದರಲ್ಲೇನಿದೆ, ಸರಿಯಾಗೇ ಅಂತಾರೆ. ಮುಕ್ಕಾಲು ಸೇರು ಅಂದ್ರೆ ಒಂದು ಸೇರಿಗೆ ಕಾಲು ಕಮ್ಮಿ ಅಂತ ತಾನೆ? ನಿಮ್ಮಜ್ಜಿ ರಾಗಿ ಅಳೀತಿದ್ದಳಲ್ಲ, ಹಂಗೆ ಅವರು ಹೊತ್ತು ಅಳೀತಾರೆ” ಅಂದರು. ಒಂಬತ್ತು ದಿನ ಪಾತ್ರೆ ಹೊತ್ತು ನಾನು ಕಲಿಯದ್ದನ್ನು ಅವರು ಏಳು ಸಾವಿರ ಕಿಲೋಮೀಟರು ಆಚೆಯಿಂದ, ಹೊರಜಗುಲಿಯ ಮೇಲೆ ಕೂತು ಬಿಡಿಸಿಟ್ಟರು. ಆಮೇಲೆ ನನಗೆ ಆ ಪದ ತಪ್ಪಿಲ್ಲ.

ಪ್ರತಿ ವಾರ ಅವರಿಗೆ ಉತ್ತರ ಹೇಳಬೇಕಲ್ಲ ಎಂದು ಒಂದು ನೋಟ್‌ಬುಕ್ ಇಟ್ಟೆ. ದಿನಕ್ಕೆ ಒಂದು ಸಾಲಾದರೂ ಬರೆಯಬೇಕು, ಕನ್ನಡದಲ್ಲೇ ಬರೆಯಬೇಕು. ಏಳು ವರ್ಷವಾಯಿತು, ಈಗ ಐದನೆಯ ಪುಸ್ತಕ ನಡೆಯುತ್ತಿದೆ. ನೆಕ್ಕರ್ ನದಿಯ ದಡದಲ್ಲಿ, ಸ್ಟುಟ್‌ಗಾರ್ಟ್‌ನಿಂದ ಹತ್ತು ಕಿಲೋಮೀಟರ್ ದೂರದಲ್ಲಿರುವ ಈ ಹಳೆಯ ಊರಿನ ಕೋಟೆ, ಮರದ ತೊಲೆಗಳ ಮನೆಗಳು, ಗುಡ್ಡದ ಮೇಲಿನ ದ್ರಾಕ್ಷಿತೋಟ, ಇವೆಲ್ಲ ಮೊದಲ ಪುಸ್ತಕದ ಮೊದಲ ಆರು ಪುಟಗಳಲ್ಲೇ ಮುಗಿದುಹೋಗಿವೆ. ಉಳಿದದ್ದೆಲ್ಲ ಕಿಟಕಿ, ಕಸ, ಬಾಟಲಿ, ಬ್ರೆಡ್ಡು, ಬೇಳೆ.

ಕಿಟಕಿಯಿಂದಲೇ ಶುರು ಮಾಡಬಹುದು. ಇಲ್ಲಿನ ಕಿಟಕಿಗೆ ಒಂದೇ ಹಿಡಿ. ಕೆಳಗೆ ತಿರುಗಿಸಿದರೆ ಮುಚ್ಚಿದಂತೆ, ಅಡ್ಡಕ್ಕೆ ತಿರುಗಿಸಿದರೆ ಬಾಗಿಲಿನಂತೆ ತೆರೆಯುತ್ತದೆ, ಮೇಲಕ್ಕೆ ತಿರುಗಿಸಿದರೆ ಮೇಲ್ಭಾಗ ಮಾತ್ರ ಒಳಕ್ಕೆ ವಾಲುತ್ತದೆ. ಮೊದಲ ದಿನ ಅದು ವಾಲಿದಾಗ ಇಡೀ ಕಿಟಕಿ ಕಳಚಿ ಮೈಮೇಲೆ ಬಿತ್ತೆಂದು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಚಳಿಗಾಲದಲ್ಲೂ ದಿನಕ್ಕೆ ಎರಡು ಮೂರು ಸಲ ಎಲ್ಲ ಕಿಟಕಿ ಪೂರ್ತಿ ತೆರೆದು ಐದೋ ಹತ್ತೋ ನಿಮಿಷ ಗಾಳಿ ಹಾಯಿಸಬೇಕು, ಇಲ್ಲದಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ನಮ್ಮ ಬಾಡಿಗೆ ಕರಾರಿನಲ್ಲೇ ಇದು ಬರೆದಿದೆ. ಒಗ್ಗರಣೆ ಹಾಕಿದ ದಿನ ನಾಲ್ಕು ಸಲ ತೆರೆಯುತ್ತೇನೆ. ಅದನ್ನು ಯಾರೂ ಬರೆದುಕೊಟ್ಟಿಲ್ಲ.

ಹೆಸರಿನ ವಿಷಯ ಇಷ್ಟು ಬೇಗ ಮುಗಿಯುವುದಲ್ಲ. ಇಲ್ಲಿ ಕಟ್ಟಡಕ್ಕೆ ನಂಬರಿದೆ, ಒಳಗಿನ ಮನೆಗಳಿಗಿಲ್ಲ. ಕರೆಗಂಟೆಯ ಮೇಲೆ, ಅಂಚೆ ಪೆಟ್ಟಿಗೆಯ ಮೇಲೆ ಮನೆತನದ ಹೆಸರಿರಬೇಕು. ಹೆಸರಿಲ್ಲದಿದ್ದರೆ ಅಂಚೆಯವರು ಕಾಗದವನ್ನು ಹಿಂದಿರುಗಿಸುತ್ತಾರೆ. ಮನೆತನದ ಹೆಸರು ನಮಗೆಲ್ಲಿದೆ? ಶಾಲೆಯಿಂದಲೂ ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಆಮೇಲೆ ನನ್ನ ಹೆಸರು. ಪಾಸ್‌ಪೋರ್ಟ್ ಮಾಡಿಸುವಾಗ ಆ ಅಕ್ಷರ ಬಿಡಿಸಿ ಅಪ್ಪನ ಪೂರ್ತಿ ಹೆಸರನ್ನು ಕೊನೆಗೆ ಬರೆದರು. ನನ್ನ ಗಂಡನದೂ ಅದೇ ರೀತಿ, ಕೊನೆಯಲ್ಲಿ ಅವರಪ್ಪನ ಹೆಸರು. ಮಗನ ಪಾಸ್‌ಪೋರ್ಟ್‌ನಲ್ಲಿ ಕೊನೆಗಿರುವುದು ನನ್ನ ಗಂಡನ ಹೆಸರು. ಹೀಗಾಗಿ ನಮ್ಮ ಕರೆಗಂಟೆಯ ಮೇಲೆ ಮೂರು ಮನೆತನಗಳಿವೆ. ಸಂಬಂಧವಿಲ್ಲದ ಮೂವರು ಸೇರಿ ಬಾಡಿಗೆಗೆ ಬಂದಿದ್ದಾರೆ ಎಂದು ಅಕ್ಕಪಕ್ಕದವರು ಬಹಳ ದಿನ ಎಣಿಸಿದ್ದರು. ಊರಿನ ನೋಂದಣಿ ಕಚೇರಿಯಲ್ಲಿ ಮದುವೆ ಪತ್ರ, ಮಗನ ಜನನ ಪತ್ರ ಎರಡನ್ನೂ ಪಕ್ಕಪಕ್ಕ ಇಟ್ಟು ನಾವು ಒಂದೇ ಮನೆಯವರೆಂದು ವಿವರಿಸಬೇಕಾಯಿತು.

ಅದರ ಇನ್ನೊಂದು ಮುಖ ಗೊತ್ತಾದದ್ದು ನಿಧಾನವಾಗಿ. ಇಲ್ಲಿ ಪರಿಚಯವಿಲ್ಲದವರನ್ನು ಮನೆತನದ ಹೆಸರಿನಿಂದಲೇ ಕರೆಯಬೇಕು. ಹೆಂಗಸರಾದರೆ ‘ಫ್ರಾವ್’ ಎಂದು ಸೇರಿಸಿ. ಡಾಕ್ಟರ ಕ್ಲಿನಿಕ್ಕಿನಲ್ಲಿ, ಮಗನ ಶಾಲೆಯಲ್ಲಿ, ಕಚೇರಿಯಲ್ಲಿ, ಬ್ಯಾಂಕಿನಲ್ಲಿ ಎಲ್ಲರೂ ನನ್ನನ್ನು ಕರೆಯುವುದು ಅಪ್ಪನ ಹೆಸರಿನಿಂದ. ಮೊದಮೊದಲು ಕರೆದರೆ ತಿರುಗಿಯೇ ನೋಡುತ್ತಿರಲಿಲ್ಲ. ಯಾರೋ ಅಪ್ಪನನ್ನು ಕರೆಯುತ್ತಿದ್ದಾರೆ ಅನ್ನಿಸುತ್ತಿತ್ತು. ಮೂರು ವರ್ಷದ ಕೆಳಗೆ ಅಪ್ಪ ತೀರಿಕೊಂಡರು. ಊರಿನಲ್ಲಿ ಅವರ ಹೆಸರು ಹಿಡಿದು ಕರೆಯುವವರೇ ಕಡಿಮೆ, ಹಿರಿಯರೆಂದು ‘ಯಜಮಾನರು’ ಎನ್ನುತ್ತಿದ್ದರು. ಇಲ್ಲಿ, ಅವರನ್ನು ಎಂದೂ ಕಾಣದ ಜನರ ಬಾಯಲ್ಲಿ ದಿನಕ್ಕೆ ನಾಲ್ಕಾರು ಸಲ ಅವರ ಹೆಸರು ಕೇಳುತ್ತೇನೆ. ಉಚ್ಚಾರ ಸ್ವಲ್ಪ ಬೇರೆ. ನಾನು ತಿದ್ದಲು ಹೋಗುವುದಿಲ್ಲ.

ಏಕವಚನ, ಬಹುವಚನದ ಲೆಕ್ಕ ನಮ್ಮವರಿಗೆ ಹೊಸದಲ್ಲ. ‘ದೂ’ ಎಂದರೆ ನೀನು, ‘ಜೀ’ ಎಂದರೆ ನೀವು. ನಮ್ಮ ಮನೆಯಲ್ಲಿ ಅಮ್ಮ ನೀನು, ಅಪ್ಪ ನೀವು. ಅದನ್ನು ಯಾರೂ ಕುಳಿತು ತೀರ್ಮಾನಿಸಿದ್ದಲ್ಲ. ಇಲ್ಲಿ ಜೀಯಿಂದ ದೂಗೆ ಇಳಿಯುವುದು ಒಂದು ಸಣ್ಣ ಸಮಾರಂಭ, ಹಿರಿಯರೇ ಅದನ್ನು ನೀಡಬೇಕು. ಮೂರನೆಯ ವರ್ಷದ ಯುಗಾದಿಗೆ ಕೆಳಮನೆಯ ಅಜ್ಜಿಗೆ ಒಬ್ಬಟ್ಟು ಕೊಡಲು ಹೋಗಿದ್ದೆ. ಅವರು ಕೈ ಒರೆಸಿಕೊಂಡು, ನೆಟ್ಟಗೆ ನಿಂತು, ಇನ್ನು ಮೇಲೆ ನಾವು ದೂ ಎಂದು ಮಾತಾಡೋಣ ಎಂದು ಹೇಳಿ ಕೈಕುಲುಕಿ ತಮ್ಮ ಮೊದಲ ಹೆಸರು ಹೇಳಿದರು. ನನಗೆ ಕಷ್ಟವಾಯಿತು. ಎಂಬತ್ತು ದಾಟಿದವರನ್ನು ಏಕವಚನದಲ್ಲಿ, ಹೆಸರು ಹಿಡಿದು ಕರೆಯುವುದು ಹೇಗೆ? ಅಮ್ಮನನ್ನೂ ಅಜ್ಜಿಯನ್ನೂ ನೀನು ಎಂದೇ ಕರೆಯುತ್ತೇನಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ. ಅಂದಿನಿಂದ ಮಾತು ಬಂತು. ಹೆಸರು ಮಾತ್ರ ಇಂದಿಗೂ ಬಾಯಿಗೆ ಬರುವುದಿಲ್ಲ, ‘ಓಮಾ’ ಎನ್ನುತ್ತೇನೆ. ಅಜ್ಜಿ ಎಂದು ಅರ್ಥ.

ಜರ್ಮನ್ನರು ಬಿಗುಮಾನದವರು, ಮಾತಾಡುವುದಿಲ್ಲ ಎಂದು ಬರುವ ಮುಂಚೆ ಹತ್ತು ಜನ ಹೇಳಿದ್ದರು. ಆ ಮಾತು ಅರ್ಧ ಮಾತ್ರ ನಿಜ. ರೈಲಿನಲ್ಲಿ ಪಕ್ಕದವರು ಒಂದು ಗಂಟೆ ಬಾಯಿ ತೆರೆಯದೆ ಕೂರುತ್ತಾರೆ. ಅದೇ ಜನ ಡಾಕ್ಟರ ಕ್ಲಿನಿಕ್ಕಿನ ಕಾಯುವ ಕೋಣೆಗೆ ಕಾಲಿಟ್ಟ ಕೂಡಲೇ ಕೂತ ಎಲ್ಲರಿಗೂ ಸೇರಿಸಿ ‘ಗ್ರೂಸ್ ಗಾಟ್’ ಎಂದು ನಮಸ್ಕಾರ ಹೇಳುತ್ತಾರೆ. ಕೂತವರೆಲ್ಲ ತಿರುಗಿ ಹೇಳುತ್ತಾರೆ. ಕೆಮ್ಮುತ್ತಿರುವವರೂ ಹೇಳುತ್ತಾರೆ. ಹೊರಡುವಾಗ ಮತ್ತೆ ಎಲ್ಲರಿಗೂ ಒಂದು ವಿದಾಯ. ಕಚೇರಿಯಲ್ಲಿ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಕಾರಿಡಾರಿನಲ್ಲಿ ಎದುರಾದವರು ‘ಮಾಲ್‌ತ್ಸೈಟ್’ ಅನ್ನುತ್ತಾರೆ, ಊಟದ ಹೊತ್ತು ಎಂದು ಅರ್ಥ. ಅವರು ಊಟಕ್ಕೆ ಹೊರಟಿರಬಹುದು, ಮುಗಿಸಿ ಬಂದಿರಬಹುದು, ಬರಿದೆ ಜೆರಾಕ್ಸ್ ಮಾಡಿಸಲು ಹೋಗುತ್ತಿರಬಹುದು. ಮೊದಲ ದಿನ ನಾನು ನಿಂತು, ಮನೆಯಿಂದ ತಂದಿದ್ದೇನೆ, ಇನ್ನೂ ತಿಂದಿಲ್ಲ ಎಂದು ವಿವರವಾಗಿ ಉತ್ತರಿಸಿದೆ. ಅವರು ಪಾಪ ನಿಂತು ಕೇಳಿಸಿಕೊಂಡರು. ನಮ್ಮೂರಿನ ರಸ್ತೆಯಲ್ಲಿ “ಊಟ ಆಯ್ತಾ?” ಎಂದು ಕೇಳಿದವರಿಗೆ ನಾವು ಸಾರೋ ಹುಳಿಯೋ ಎಂದು ವಿವರ ಕೊಡುತ್ತೇವೆಯೇ? ಇದೂ ಅದೇ ಎಂದು ಹೊಳೆದ ದಿನ ನೋಟ್‌ಬುಕ್ಕಿನಲ್ಲಿ ಆ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಬಾಟಲಿಗಳ ಬಗ್ಗೆ ಎರಡು ಮಾತು. ಇಲ್ಲಿ ನೀರಿನ ಪ್ಲಾಸ್ಟಿಕ್ ಬಾಟಲಿ, ಪಾನೀಯದ ಡಬ್ಬಿ ಕೊಂಡರೆ ಬೆಲೆಯ ಜೊತೆ 25 ಸೆಂಟ್ ಠೇವಣಿ ತೆಗೆದುಕೊಳ್ಳುತ್ತಾರೆ. ಬಿಯರಿನ ಗಾಜಿನ ಬಾಟಲಿಗಾದರೆ 8 ಸೆಂಟ್. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಹಣ ವಾಪಸು. ಒಮ್ಮೆ ಬಳಸಿ ಬಿಸಾಡುವ ಬಾಟಲಿಗೂ ಈ ಠೇವಣಿ ಬಂದದ್ದು 2003ರಲ್ಲಿ. ಇದನ್ನು ಎಲ್ಲ ಪ್ರವಾಸಿಗರೂ ಬರೆಯುತ್ತಾರೆ. ನಾನು ಬರೆದುಕೊಂಡದ್ದು ರೈಲ್ವೆ ನಿಲ್ದಾಣದಲ್ಲಿ ಕಂಡದ್ದನ್ನು. ಒಬ್ಬ ಹುಡುಗ ನೀರು ಕುಡಿದು ಮುಗಿಸಿದ. ಬಾಟಲಿಯನ್ನು ಕಸದ ಬುಟ್ಟಿಗೆ ಹಾಕದೆ ಅದರ ಪಕ್ಕದಲ್ಲಿ, ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ ರೈಲು ಹತ್ತಿದ. ಅಲಕ್ಷ್ಯ ಅಂದುಕೊಂಡೆ. ಎರಡು ನಿಮಿಷಕ್ಕೆ ವೃದ್ಧರೊಬ್ಬರು ಚೀಲ ಹಿಡಿದು ಬಂದು ಅದನ್ನು ಎತ್ತಿಕೊಂಡರು. ಬಾಟಲಿ ಆಯ್ದು ನಾಲ್ಕು ಕಾಸು ಕೂಡಿಸುವವರು ಈ ಶ್ರೀಮಂತ ದೇಶದಲ್ಲೂ ಇದ್ದಾರೆ. ಅವರು ಬುಟ್ಟಿಯೊಳಗೆ ಕೈ ಹಾಕುವಂತಾಗಬಾರದು ಎಂದು ಜನ ಹೊರಗೆ ಇಡುತ್ತಾರೆ. ಅಂದಿನಿಂದ ನಮ್ಮ ಮನೆಯವರೂ ಹೊರಗೇ ಇಡುತ್ತೇವೆ.

ಠೇವಣಿ ಇಲ್ಲದ ಗಾಜಿನ ಸೀಸೆಗಳನ್ನು, ಉಪ್ಪಿನಕಾಯಿಯದೋ ಎಣ್ಣೆಯದೋ, ಬೀದಿ ಕೊನೆಯ ದೊಡ್ಡ ತೊಟ್ಟಿಗೆ ಬಣ್ಣ ನೋಡಿ ಹಾಕಬೇಕು. ಒಂದು ಭಾನುವಾರ ಮಧ್ಯಾಹ್ನ ಬಿಡುವಿತ್ತು ಎಂದು ಒಂದು ಚೀಲ ತುಂಬಿಕೊಂಡು ಹೋದೆ. ಮೂರನೆಯ ಸೀಸೆ ಒಳಗೆ ಬಿದ್ದು ಒಡೆಯುವಷ್ಟರಲ್ಲಿ ಎದುರು ಮನೆಯ ಕಿಟಕಿ ತೆರೆಯಿತು. “ಇವತ್ತು ಭಾನುವಾರ!” ಅಷ್ಟೇ ಮಾತು. ಉಳಿದ ಸೀಸೆಗಳನ್ನು ಹೊತ್ತು ವಾಪಸು ಬಂದೆ. ಮುಖಕ್ಕೆ ಹೊಡೆದಂತಾಗಿತ್ತು. ಆಮೇಲೆ ತಿಳಿದುಕೊಂಡೆ: ಭಾನುವಾರ ಸೀಸೆ ಒಡೆಯುವಂತಿಲ್ಲ, ಹುಲ್ಲು ಕತ್ತರಿಸುವ ಯಂತ್ರ ಓಡಿಸುವಂತಿಲ್ಲ, ಗೋಡೆ ಕೊರೆಯುವಂತಿಲ್ಲ. ಅಂಗಡಿಗಳಂತೂ ಮುಚ್ಚಿರುತ್ತವೆ, ಬೇಕರಿ ಮಾತ್ರ ಬೆಳಗ್ಗೆ ಕೆಲವು ಗಂಟೆ. ಇದು ಪುರಸಭೆಯ ಹಟವಲ್ಲ. ಭಾನುವಾರ ದುಡಿಮೆಯಿಂದ ಬಿಡುವಿನ ದಿನ, ಮನಸ್ಸು ಮೇಲೇಳುವ ದಿನ, ಅದನ್ನು ಕಾನೂನು ಕಾಯಬೇಕು ಎಂದು 1919ರ ವೈಮಾರ್ ಸಂವಿಧಾನದ 139ನೆಯ ವಿಧಿ ಹೇಳಿತು. 1949ರಲ್ಲಿ ಹೊಸ ಸಂವಿಧಾನ ಬರೆದಾಗ 140ನೆಯ ವಿಧಿಯ ಮೂಲಕ ಆ ಮಾತನ್ನು ಹಾಗೆಯೇ ಉಳಿಸಿಕೊಂಡರು. ಹಬ್ಬದ ದಿನವೂ ಅಂಗಡಿ ತೆರೆದಿರಲಿ ಎಂದು ಬಯಸುವ ಬೆಂಗಳೂರಿನ ಅಭ್ಯಾಸ ನನ್ನದು. ಮೊದಲ ಎರಡು ವರ್ಷ ಶನಿವಾರ ಸಂಜೆ ಹಾಲು ತರಲು ಮರೆತು ಬೇಸರಪಟ್ಟಿದ್ದೇನೆ. ಈಗ ಅಂಗಡಿಯ ಕ್ಯಾಶ್ ಕೌಂಟರಿನ ಹೆಂಗಸು ಆ ದಿನ ತನ್ನ ಮಗುವಿನ ಜೊತೆ ನದಿ ದಡದಲ್ಲಿ ನಡೆಯುವುದನ್ನು ನೋಡುತ್ತೇನೆ, ಕೈಬೀಸುತ್ತೇವೆ. ಈ ಕಾನೂನು ಒಳ್ಳೆಯದು ಎಂಬುದು ನನ್ನ ತೀರ್ಮಾನ.

ಈ ಸೀಮೆಗೆ ಶ್ವಾಬರ ಸೀಮೆ ಎಂದು ಹೆಸರು. ಜರ್ಮನಿಯ ಉಳಿದವರು ಶ್ವಾಬರನ್ನು ನೆನೆಸಿಕೊಳ್ಳುವುದು ಮೂರು ವಿಷಯಕ್ಕೆ: ದುಡಿಮೆ, ಹಿಡಿತದ ಕೈ, ಪೊರಕೆ. ಪೊರಕೆಯ ವಿಷಯ ನಾನು ನಂಬಿರಲಿಲ್ಲ. ಬಂದ ಎರಡನೆಯ ತಿಂಗಳು ಬಾಗಿಲಿನ ಹಿಡಿಗೆ ಒಂದು ಮರದ ಹಲಗೆ ನೇತಾಡುತ್ತಿತ್ತು. ಅದರ ಮೇಲೆ ‘ಕೇರ್‌ವೋಖ’ ಎಂದು ಬರೆದಿತ್ತು, ಗುಡಿಸುವ ವಾರ. ಸರದಿಯ ಪ್ರಕಾರ ಆ ವಾರ ಮೆಟ್ಟಿಲು ಗುಡಿಸಿ ಒರೆಸುವುದು ನಮ್ಮ ಮನೆಯ ಪಾಲು. ಅದು ಸಣ್ಣ ಗುಡಿಸುವ ವಾರ. ದೊಡ್ಡದೊಂದು ಬೇರೆ ಇದೆ. ಅದರಲ್ಲಿ ಕಟ್ಟಡದ ಮುಂದಿನ ಕಾಲುದಾರಿ, ನೆಲಮಾಳಿಗೆಯ ಓಣಿ, ಕಸದ ತೊಟ್ಟಿ ಇಡುವ ಜಾಗ ಎಲ್ಲ ಸೇರುತ್ತವೆ. ಚಳಿಗಾಲದಲ್ಲಿ ಬೆಳಕು ಹರಿಯುವ ಮೊದಲೇ ಹಿಮ ಎತ್ತಬೇಕು. ಮುಗಿದ ಮೇಲೆ ಹಲಗೆಯನ್ನು ಮುಂದಿನ ಮನೆಯ ಬಾಗಿಲಿಗೆ ನೇತುಹಾಕಬೇಕು. ಇದರ ಬೇರು 1492ರಷ್ಟು ಹಿಂದಕ್ಕೆ ಹೋಗುತ್ತದೆ ಎನ್ನುತ್ತಾರೆ. ಗಡ್ಡದ ಎಬರ್‌ಹಾರ್ಡ್ ಎಂದೇ ಹೆಸರಾದ ವ್ಯೂರ್ಟೆಂಬರ್ಗ್‌ನ ದೊರೆ ಸ್ಟುಟ್‌ಗಾರ್ಟ್‌ನ ನಿವಾಸಿಗಳಿಗೆ ವಾರವಾರ ತಂತಮ್ಮ ಕಸ ಹೊರಗೆ ಸಾಗಿಸಬೇಕೆಂದು ಕಟ್ಟಳೆ ಮಾಡಿದ್ದ. ಟ್ಯೂಬಿಂಗನ್ ವಿಶ್ವವಿದ್ಯಾಲಯವನ್ನು 1477ರಲ್ಲಿ ಸ್ಥಾಪಿಸಿದವನೂ ಅವನೇ.

ಮುಂಜಾನೆ ಅಂಗಳ ಗುಡಿಸಿ, ಸಗಣಿ ನೀರು ಚಿಮುಕಿಸಿ, ರಂಗೋಲಿ ಇಡುವವರ ನಡುವೆ ಬೆಳೆದ ನನಗೆ ಗುಡಿಸುವುದು ಹೊಸದಲ್ಲ. ಆದರೆ ನಮ್ಮ ಪೊರಕೆ ನಮ್ಮ ಹೊಸ್ತಿಲಿನ ಮುಂದೆ ಮುಗಿಯುತ್ತದೆ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೆಟ್ಟಿಲು ಯಾರದು? ಯಾರದೂ ಅಲ್ಲ. ಕೆಲಸದವರು ಬಾರದಿದ್ದರೆ ಒಂದು ವಾರ ಹಾಗೆಯೇ. ಇಲ್ಲಿ ಎಂಜಿನಿಯರೂ ಗುಡಿಸುತ್ತಾರೆ, ನಿವೃತ್ತ ಶಿಕ್ಷಕರೂ ಗುಡಿಸುತ್ತಾರೆ, ಕೆಳಮನೆಯ ಅಜ್ಜಿ ಮಂಡಿ ನೋವಿನಲ್ಲೂ ಗುಡಿಸುತ್ತಾರೆ. ನಾನು ಮಾಡಿಕೊಡುತ್ತೇನೆ ಅಂದರೆ ಒಪ್ಪುವುದಿಲ್ಲ.

ಒಂದು ದೀಪಾವಳಿಗೆ ನಮ್ಮ ಬಾಗಿಲ ಮುಂದೆ, ಮೆಟ್ಟಿಲ ತಿರುವಿನಲ್ಲಿ ಅಕ್ಕಿಹಿಟ್ಟಿನಿಂದ ಪುಟ್ಟ ರಂಗೋಲಿ ಇಟ್ಟಿದ್ದೆ. ಆ ವಾರದ ಸರದಿ ಅಜ್ಜಿಯದು ಎಂಬುದು ಮರೆತುಹೋಗಿತ್ತು. ಶನಿವಾರ ಬೆಳಗ್ಗೆ ಕೆಳಗಿನಿಂದ ಪೊರಕೆಯ ಸದ್ದು ಮೇಲೇರಿ ಬರುವುದು ಕೇಳಿಸಿತು. ಅಳಿಸಿಬಿಡೋಣ ಎಂದು ಬಾಗಿಲು ತೆರೆಯುವಷ್ಟರಲ್ಲಿ ಅವರು ಬಂದು ಹೋಗಿಯಾಗಿತ್ತು. ಇಡೀ ಮೆಟ್ಟಿಲು ಒರೆಸಿ ಹೊಳೆಯುತ್ತಿತ್ತು. ರಂಗೋಲಿಯ ಸುತ್ತ ಮಾತ್ರ ಒಂದು ಗೇಣು ಜಾಗ ಬಿಟ್ಟು, ದುಂಡಗೆ, ಒದ್ದೆ ಬಟ್ಟೆ ತಾಗದಂತೆ ಒರೆಸಿದ್ದರು. ಸಂಜೆ ಕೇಳಿದರು: ಅದನ್ನು ಯಾವಾಗ ಗುಡಿಸಬಹುದು, ಅದಕ್ಕೂ ಒಂದು ದಿನ ಇದೆಯೇ? ಹಬ್ಬ ಮುಗಿದ ಮೇಲೆ ಅಂದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರು. ಮುಂದಿನ ವರ್ಷದಿಂದ ದೀಪಾವಳಿಯ ವಾರ ಯಾರ ಸರದಿಯಿದ್ದರೂ ರಂಗೋಲಿಯ ಸುತ್ತ ಆ ದುಂಡನೆಯ ಜಾಗ ಉಳಿಯುತ್ತಿದೆ. ಅವರೇ ಉಳಿದವರಿಗೆ ಹೇಳಿರಬೇಕು.

ನೋಟ್‌ಬುಕ್ಕಿನಲ್ಲಿ ಎಲ್ಲಕ್ಕಿಂತ ಹೆಚ್ಚು ಪುಟ ತುಂಬಿಸಿದ್ದು ಬೇಳೆ, ಅದೂ ಅಪ್ಪನ ದೆಸೆಯಿಂದ. ಜರ್ಮನಿಯಲ್ಲಿ ಆಲೂಗಡ್ಡೆ, ಮಾಂಸ ಬಿಟ್ಟರೆ ಏನೂ ಸಿಗದು ಎಂದು ಎರಡು ಸೂಟ್‌ಕೇಸು ಬೇಳೆ ಹೊತ್ತು ತಂದಿದ್ದೆವು. ಇಲ್ಲಿ ನೋಡಿದರೆ ಶ್ವಾಬರ ಮನೆಯೂಟವೇ ಬೇಳೆ. ಮಸೂರದ ಜಾತಿಯ ಇಡೀ ಕಾಳನ್ನು ಸಿಪ್ಪೆ ಸಮೇತ ಬೇಯಿಸಿ, ‘ಶ್ಪೆಟ್ಸ್‌ಲೆ’ ಎಂಬ ಗೋಧಿಹಿಟ್ಟು ಮೊಟ್ಟೆಯ ಶಾವಿಗೆಯಂಥದ್ದರ ಜೊತೆ ಬಡಿಸುತ್ತಾರೆ. ಜೊತೆಗಿಡುವ ಸಾಸೇಜು ಬೇಡವೆಂದರೂ ಕಾಳಿನೊಳಗೇ ಹಂದಿಮಾಂಸದ ಚೂರು ಸೇರಿರುವುದುಂಟು. ಸಸ್ಯಾಹಾರಿಗಳು ಮೊದಲೇ ಕೇಳಿಕೊಳ್ಳಬೇಕು. ಮೇಜಿನ ಮೇಲೆ ವಿನೆಗರ್ ಸೀಸೆ ಇರುತ್ತದೆ. ಹುಳಿ ಹಿಂಡಿಕೊಳ್ಳದೆ ಇವರೂ ಬೇಳೆ ತಿನ್ನುವುದಿಲ್ಲ ಎಂಬುದನ್ನು ಕಂಡ ದಿನ ಮನೆಗೆ ಹತ್ತಿರವಾದ ಹಾಗೆ ಅನ್ನಿಸಿತು.

ಅಪ್ಪನಿಗೆ ಊಟದ ವಿವರ ಸಾಲದು, ಬೆಳೆಯುವುದು ಹೇಗೆ ಎಂದು ಕೇಳಿದರು. ಹೋಗಿ ನೋಡಿದೆ. ಎಸ್ಲಿಂಗನ್‌ನ ದಕ್ಷಿಣಕ್ಕೆ ‘ಆಲ್ಬ್’ ಎಂಬ ಎತ್ತರದ ಸುಣ್ಣಕಲ್ಲಿನ ಪ್ರದೇಶವಿದೆ. ಮಣ್ಣು ತೆಳು, ಹೊಲದ ತುಂಬ ಕಲ್ಲು, ನೀರು ನಿಲ್ಲದೆ ಇಳಿದುಹೋಗುತ್ತದೆ. ಇಂಥ ಬಡ ನೆಲದಲ್ಲೇ ಬೇಳೆ ಬೆಳೆಯುತ್ತಿದ್ದದ್ದು. ಇಪ್ಪತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ, ದುಡಿಮೆ ಹೆಚ್ಚು ಇಳುವರಿ ಕಡಿಮೆ ಎಂದು ಬೇಸಾಯ ನಿಂತುಹೋಯಿತು, ಸ್ಥಳೀಯ ತಳಿಗಳ ಬೀಜವೂ ಕಳೆದುಹೋಯಿತು. ಲೌಟರಾಖ್ ಎಂಬ ಹಳ್ಳಿಯ ವೋಲ್ಡೆಮಾರ್ ಮಾಮೆಲ್ ಎಂಬ ರೈತರು 1980ರ ದಶಕದಲ್ಲಿ ಬೇರೆ ಕಡೆಯ ಬೀಜ ತಂದು ಮತ್ತೆ ಶುರು ಮಾಡಿದರು. ಹಳೆಯ ಆಲ್ಬ್ ತಳಿಗಾಗಿ ಹುಡುಕುತ್ತಲೇ ಇದ್ದರು. ಅದು ಸಿಕ್ಕಿದ್ದು 2006ರಲ್ಲಿ, ರಷ್ಯದ ಸೇಂಟ್ ಪೀಟರ್ಸ್‌ಬರ್ಗ್‌ನ ವವಿಲೋವ್ ಸಂಸ್ಥೆಯ ಬೀಜ ಭಂಡಾರದಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೇನೆಯೇ ಆ ನಗರವನ್ನು ಮುತ್ತಿಗೆ ಹಾಕಿದಾಗ, ಅಲ್ಲಿನ ವಿಜ್ಞಾನಿಗಳು ಕಾಳು ಧಾನ್ಯಗಳ ಮೂಟೆಗಳ ನಡುವೆ ಹಸಿವಿನಿಂದ ಸತ್ತರೇ ಹೊರತು ಬೀಜವನ್ನು ತಿನ್ನಲಿಲ್ಲ. ಅಂಥ ಕಡೆಯಿಂದ ಮರಳಿದ ಒಂದಿಷ್ಟು ಕಾಳು ಈಗ ಮತ್ತೆ ಆಲ್ಬ್‌ನ ಹೊಲಗಳಲ್ಲಿದೆ.

ಬೇಳೆಯ ಬಳ್ಳಿ ತಾನಾಗಿ ನಿಲ್ಲಲಾರದು, ನೆಲಕ್ಕೆ ಒರಗುತ್ತದೆ. ಅದಕ್ಕೆ ಊರುಗೋಲಾಗಿ ಓಟ್ಸನ್ನೋ ಬಾರ್ಲಿಯನ್ನೋ ಜೊತೆಗೆ ಬೆರೆಸಿ ಬಿತ್ತುತ್ತಾರೆ, ಒಟ್ಟಿಗೆ ಕೊಯ್ದು ಆಮೇಲೆ ಜರಡಿಯಾಡಿಸಿ ಬೇರ್ಪಡಿಸುತ್ತಾರೆ. ಇದನ್ನು ಹೇಳುತ್ತಿದ್ದಂತೆ ಅಪ್ಪನ ದನಿ ಏರಿತು. “ಅಕ್ಕಡಿ ಕಣಮ್ಮ ಅದು! ಅಕ್ಕಡಿ ಹಾಕ್ತಾರೆ ಅವರು!” ನಮ್ಮ ಕಡೆ ರಾಗಿ ಹೊಲದಲ್ಲಿ ನಡುನಡುವೆ ಸಾಲಾಗಿ ಅವರೆ, ತೊಗರಿ, ಹುಚ್ಚೆಳ್ಳು ಹಾಕುವುದಕ್ಕೆ ಅಕ್ಕಡಿ ಎನ್ನುತ್ತಾರೆ. ಎರಡೂ ಪೂರ್ತಿ ಒಂದೇ ಅಲ್ಲ. ಅಕ್ಕಡಿಯಲ್ಲಿ ಸಾಲು ಬೇರೆ ಬೇರೆ, ಇಲ್ಲಿ ಬೀಜವನ್ನೇ ಬೆರೆಸುತ್ತಾರೆ. ಆ ವ್ಯತ್ಯಾಸವನ್ನೂ ಅವರೇ ಪ್ರಶ್ನೆ ಹಾಕಿ ಹಾಕಿ ನನ್ನಿಂದ ಹೊರಡಿಸಿ ಬರೆಸಿದರು. ಸಾಯುವ ಹಿಂದಿನ ಬೇಸಿಗೆಯಲ್ಲಿ ಊರಿಗೆ ಹೋದಾಗ ಅರ್ಧ ಕಿಲೋ ಆಲ್ಬ್ ಬೇಳೆ ಒಯ್ದಿದ್ದೆ. ಬೀಜಕ್ಕೆಂದು ಒಂದು ಹಿಡಿ ತೆಗೆದಿಟ್ಟು ಉಳಿದದ್ದಕ್ಕೆ ಅಮ್ಮನ ಕೈಲಿ ಸಾರು ಮಾಡಿಸಿದರು. ಬೀಜ ನಮ್ಮ ಬಿಸಿಲಿಗೆ ಮೊಳೆತು ಬಾಡಿತು.

ನೋಟ್‌ಬುಕ್ಕಿನಲ್ಲಿ ಇರುವುದೆಲ್ಲ ಹಿತವಾದದ್ದಲ್ಲ. ಮಗನನ್ನು ಶಾಲೆಗೆ ಬಿಡುವ ದಾರಿಯಲ್ಲಿ ಕಲ್ಲುಹಾಸಿನ ನಡುವೆ ಹತ್ತು ಸೆಂಟಿಮೀಟರ್ ಚೌಕದ ಹಿತ್ತಾಳೆ ಬಿಲ್ಲೆಗಳಿವೆ. ಬಹಳ ದಿನ ಅವು ನೀರಿನ ಕೊಳವೆಯ ಗುರುತೆಂದುಕೊಂಡಿದ್ದೆ. ಒಂದು ದಿನ ಮಗ ಬಗ್ಗಿ ಓದಿದ: ಇಲ್ಲಿ ವಾಸವಾಗಿದ್ದರು, ಹೆಸರು, ಹುಟ್ಟಿದ ವರ್ಷ, ಕರೆದೊಯ್ದ ವರ್ಷ, ಕೊಂದ ಜಾಗ. ನಾತ್ಸಿಗಳಿಗೆ ಬಲಿಯಾದವರು ಕೊನೆಯದಾಗಿ ತಾವೇ ಬಯಸಿ ವಾಸವಿದ್ದ ಮನೆಯ ಮುಂದೆ ಇವನ್ನು ಹೂಳುತ್ತಾರೆ. ಎಡವುಗಲ್ಲು ಎಂದೇ ಅವುಗಳ ಹೆಸರು. ಗುಂಟರ್ ಡೆಮ್ನಿಗ್ ಎಂಬ ಕಲಾವಿದ 1990ರ ದಶಕದಲ್ಲಿ ಆರಂಭಿಸಿದ ಈ ಕೆಲಸದಲ್ಲಿ 2023ರ ಹೊತ್ತಿಗೆ ಯುರೋಪಿನಾದ್ಯಂತ ಒಂದು ಲಕ್ಷ ಕಲ್ಲುಗಳಾದವು. ಎಸ್ಲಿಂಗನ್‌ನಲ್ಲಿ ಯಹೂದಿ ಅನಾಥ ಮಕ್ಕಳ ಮನೆಯೊಂದಿತ್ತು. 1938ರ ನವೆಂಬರ್ 10ರಂದು ಹಾಡಹಗಲೇ ನಾತ್ಸಿಗಳು ಅದರೊಳಗೆ ನುಗ್ಗಿ ಮಕ್ಕಳನ್ನು ಓಡಿಸಿದರು. ಅದರ ಮುಖ್ಯಸ್ಥ ಥಿಯೋಡೋರ್ ರೋಥ್‌ಶೀಲ್ಡ್ 1944ರಲ್ಲಿ ಟೆರೆಜಿನ್ ಸೆರೆಬೀಡಿನಲ್ಲಿ ಸತ್ತರು. ಆ ಕಟ್ಟಡ ಇಂದಿಗೂ ಇದೆ, ಅವರ ಹೆಸರಿನಲ್ಲಿದೆ, ಇಂದಿಗೂ ಮಕ್ಕಳ ಆಸರೆಮನೆಯೇ. ಮೆಟ್ಟಿಲನ್ನು ಇಷ್ಟು ಚೊಕ್ಕವಾಗಿ ಇಟ್ಟುಕೊಳ್ಳುವ, ನೆರೆಯವರ ಭಾನುವಾರವನ್ನು ಇಷ್ಟು ಕಾಯುವ ಜನ ಅಂದು ನೆರೆಯವರನ್ನೇ ಹೇಗೆ ಬಿಟ್ಟುಕೊಟ್ಟರು? ಅಪ್ಪನೂ ಇದನ್ನೇ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಕಲ್ಲು ಮಾಸಿದಾಗ ಉಜ್ಜಿ ಹೊಳಪು ಕೊಡುವವರು ಈಗ ಊರಿನವರೇ. ಕಳೆದ ವರ್ಷ ಮಗನ ತರಗತಿಯ ಮಕ್ಕಳೂ ಹೋಗಿ ಉಜ್ಜಿ ಬಂದರು.

ಇನ್ನೊಂದು ಸಾಲನ್ನು ಬರೆದದ್ದು ನಾಲ್ಕನೆಯ ವರ್ಷದಲ್ಲಿ, ಅದನ್ನು ಮೊದಲ ದಿನವೇ ತಿಳಿದಿರಬೇಕಾಗಿತ್ತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು 1843ರ ಜುಲೈ 1ರಂದು ಹೊರತಂದ ಹರ್ಮನ್ ಮೊಗ್ಲಿಂಗ್ ಈ ಸೀಮೆಯವರು. ಬ್ರಾಕೆನ್‌ಹೈಮ್‌ನಲ್ಲಿ 1811ರಲ್ಲಿ ಹುಟ್ಟಿ, ಟ್ಯೂಬಿಂಗನ್‌ನಲ್ಲಿ ಓದಿ, 1836ರಲ್ಲಿ ಬಾಸೆಲ್ ಮಿಷನ್ನಿನ ಕಡೆಯಿಂದ ಮಂಗಳೂರಿಗೆ ಬಂದವರು. ಅವರು 1881ರಲ್ಲಿ ತೀರಿಕೊಂಡದ್ದು ಎಸ್ಲಿಂಗನ್‌ನಲ್ಲಿ, ನಾನು ದಿನಾ ತರಕಾರಿ ತರುವ ಈ ಊರಿನಲ್ಲಿ. ಇಲ್ಲಿಂದ ರೈಲಿನಲ್ಲಿ ಒಂದು ಗಂಟೆಯ ದಾರಿಯ ಟ್ಯೂಬಿಂಗನ್‌ನಲ್ಲಿ ಫರ್ಡಿನೆಂಡ್ ಕಿಟೆಲ್ ತಮ್ಮ ಕೊನೆಯ ವರ್ಷಗಳನ್ನು ಕಳೆದರು. ಸುಮಾರು 70,000 ಪದಗಳ ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ, ಅವರು ತೀರಿಕೊಂಡದ್ದು 1903ರಲ್ಲಿ. ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ಗಡ್ಡದ ಎಬರ್‌ಹಾರ್ಡ್ ಕಟ್ಟಿಸಿದ ಅದೇ ವಿಶ್ವವಿದ್ಯಾಲಯ. ಮಲಯಾಳಕ್ಕೆ ನಿಘಂಟು ಮಾಡಿದ ಗುಂಡರ್ಟ್ ಹುಟ್ಟಿದ್ದೂ ಸ್ಟುಟ್‌ಗಾರ್ಟ್‌ನಲ್ಲೇ.

ಅವರು ಬಂದದ್ದು ಮತಪ್ರಚಾರಕ್ಕೆ. ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಪರದೇಶದಲ್ಲಿ ಕೂತು ಅವರು ದಿನದಿನವೂ ಮಾಡಿದ ಕೆಲಸವೇನು? ಕೇಳಿದ ಮಾತನ್ನು, ಗಾದೆಯನ್ನು, ಅಡುಗೆಮನೆಯ ಹೆಸರನ್ನು, ಹೊಲದ ಹೆಸರನ್ನು ಬರೆದಿಟ್ಟುಕೊಂಡರು. ನಮ್ಮ ಅಜ್ಜಿಯಂದಿರು ಆಡಿ ಮರೆತ ಎಷ್ಟೋ ಪದಗಳನ್ನು ಇಂದು ನಾವು ಕಿಟೆಲ್ಲರ ನಿಘಂಟು ತೆರೆದು ಹುಡುಕುತ್ತೇವೆ. ಕಳೆದ ವಾರ ಅದರಲ್ಲಿ ‘ಕೊಳಗ’ ನೋಡುತ್ತಿದ್ದೆ. ನಮ್ಮ ಅಳತೆಯ ಪದವನ್ನು ಮುಕ್ಕಾಲು ಎಂಟರ ಸೀಮೆಯಲ್ಲಿ ಕೊನೆಯುಸಿರೆಳೆದ ಒಬ್ಬರ ಪುಸ್ತಕದಿಂದ ಮಗನಿಗೆ ವಿವರಿಸಿದೆ.

ಇಂದು ಅವರ ಊರುಗಳಲ್ಲಿ ನಮ್ಮವರು ಸಾವಿರಾರು ಜನ ಇದ್ದೇವೆ. ಅಮೆರಿಕದಲ್ಲಿ, ಕೊಲ್ಲಿ ದೇಶಗಳಲ್ಲಿ, ಸಿಂಗಪುರದಲ್ಲೂ ಇದ್ದೇವೆ. ಹಬ್ಬಗಳ ಫೋಟೊ ಕಳಿಸುತ್ತೇವೆ, ಹಿಮದ ವಿಡಿಯೊ ಕಳಿಸುತ್ತೇವೆ. ಎದುರು ಮನೆಯವರು ಹೊತ್ತು ಹೇಗೆ ಎಣಿಸುತ್ತಾರೆ, ಬೇಳೆಗೆ ಏನು ಹಿಂಡಿಕೊಳ್ಳುತ್ತಾರೆ, ಸತ್ತವರನ್ನು ಎಲ್ಲಿ ನೆನೆಯುತ್ತಾರೆ ಎಂಬುದನ್ನು ಕನ್ನಡದಲ್ಲಿ ಬರೆದಿಟ್ಟವರು ಕಡಿಮೆ. ದಯವಿಟ್ಟು ಒಂದು ನೋಟ್‌ಬುಕ್ ಕೊಂಡುಕೊಳ್ಳಿ. ದಿನಕ್ಕೆ ಒಂದು ಸಾಲು ಸಾಕು. ಊರಿನಲ್ಲಿರುವ ತಂದೆ ತಾಯಂದಿರೇ, ಭಾನುವಾರ ಫೋನ್ ಮಾಡಿದಾಗ ಮಕ್ಕಳನ್ನು ಚಳಿಯೇ, ಊಟ ಮಾಡಿದೆಯಾ ಎಂದು ಕೇಳಿ ಇಟ್ಟುಬಿಡಬೇಡಿ. ಈ ವಾರ ಏನು ಹೊಸದು ನೋಡಿದೆ ಎಂದೂ ಕೇಳಿ.